ಯಂತ್ರ ಉಗುಳಿದ ನಾಣ್ಯ

ಅವನು ಜಿಪುಣ. ಈ ಮಾತನ್ನು ಸುತ್ತಿ ಬಳಸಿ ಹೇಳುವ ಅಗತ್ಯವಿಲ್ಲ. ಕಷ್ಟ ಕಂಡು ಕೈ ಬಿಗಿ ಮಾಡಿಕೊಂಡವರನ್ನು ಜಿಪುಣರೆನ್ನುವುದು ತಪ್ಪು, ಆದರೆ ಇವನಿಗೆ ಅಂಥ ಕಷ್ಟವೇನೂ ಇರಲಿಲ್ಲ. ಹೆಂಡತಿ ಮಕ್ಕಳಿಲ್ಲ, ಒಂದು ಕೋಣೆಯ ಬಾಡಿಗೆ, ತಪ್ಪದೆ ಬರುವ ಸಂಬಳ. ಆದರೂ ಸವೆದ ಸೋಪಿನ ಚೂರುಗಳನ್ನು ಒಂದಕ್ಕೊಂದು ಮೆತ್ತಿ ಹೊಸ ಸೋಪು ಮಾಡಿಕೊಳ್ಳುವವನು. ಪೇಸ್ಟಿನ ಟ್ಯೂಬನ್ನು ಕತ್ತರಿಯಿಂದ ಸೀಳಿ ಒಳಗನ್ನು ಬ್ರಷ್ಷಿನಿಂದ ಬಳಿಯುವವನು. ಅಣ್ಣನ ಮಗನ ಮದುವೆಗೆ ಅವನು ಕೊಟ್ಟದ್ದು ಒಂದು ಕೊಡೆ. ಬಸ್ಸಿನಲ್ಲಿ ಯಾರೋ ಮರೆತುಹೋಗಿ, ಡಿಪೋದವರು ಹರಾಜು ಹಾಕಿದ ಕೊಡೆ. ಅದರ ಒಂದು ಕಡ್ಡಿ ಮುರಿದಿತ್ತು. ಸುತ್ತಿದ್ದ ಬಣ್ಣದ ಕಾಗದವನ್ನು ಹರಿಯದೆ ಬಿಚ್ಚಿ ವಾಪಸು ಕೊಡಿ ಎಂದು ಮದುಮಗಳಿಗೇ ಹೇಳಿದ್ದ.

"ಇವನ ಕೈಯನ್ನ ಮುಚ್ಚೋಕೆ ಅಂತ ಮಾಡಿದ್ದಾರೆ, ಬಿಚ್ಚೋಕಲ್ಲ" ಎಂದು ಅತ್ತಿಗೆ ಹೇಳುತ್ತಿದ್ದಳು. ಗಂಡ ತೀರಿಕೊಂಡ ಮೇಲೂ ಆಕೆ ಈ ಮೈದುನನಿಗೆ ವಾರಕ್ಕೊಮ್ಮೆ, ಅವನ ರಜೆಯ ದಿನ, ಊಟ ಹಾಕುವುದನ್ನು ಬಿಟ್ಟಿರಲಿಲ್ಲ. ಅವನು ಕೈ ಬೀಸಿಕೊಂಡು ಬರುತ್ತಿದ್ದ, ಹೊಟ್ಟೆ ತುಂಬ ಉಂಡು ಕೈ ಬೀಸಿಕೊಂಡೇ ಹೋಗುತ್ತಿದ್ದ.

ಅವನ ಕೆಲಸ ಬಸ್ ಡಿಪೋದ ಹಣದ ಕೋಣೆಯಲ್ಲಿ. ಕಿಟಕಿಗೆ ದಪ್ಪ ಜಾಲರಿ, ಬಾಗಿಲಿಗೆ ಒಳಗಿನಿಂದ ಚಿಲಕ, ಮಧ್ಯೆ ಚಿಲ್ಲರೆ ಎಣಿಸುವ ಯಂತ್ರ. ಕಂಡಕ್ಟರುಗಳು ತಂದ ಚರ್ಮದ ಚೀಲಗಳನ್ನು ಅದರ ಬಾಯಿಗೆ ಸುರಿದರೆ ಅದು ಗಡಗಡ ಸದ್ದು ಮಾಡುತ್ತ ನಾಣ್ಯಗಳನ್ನು ಬೇರೆಬೇರೆ ಡಬ್ಬಿಗಳಿಗೆ ಹಂಚುತ್ತಿತ್ತು. ತನಗೆ ಗುರುತಿಲ್ಲದ್ದನ್ನು ಪಕ್ಕದ ತಟ್ಟೆಗೆ ಉಗುಳುತ್ತಿತ್ತು. ಸಂಜೆಯ ನೂಕುನುಗ್ಗಲಲ್ಲಿ ಯಾರೋ ಕೈಗೆ ತುರುಕಿದ ಪರದೇಶದ ನಾಣ್ಯ ಈ ತಟ್ಟೆಗೆ ಬಿದ್ದರೆ ಕಂಡಕ್ಟರು ಅದನ್ನು ತನ್ನ ಗಂಟಿನಿಂದ ತುಂಬಿಕೊಡಬೇಕು. ಅಂಥ ಹೊತ್ತಿನಲ್ಲಿ ಇವನೇ ತನ್ನ ಜೇಬಿನಿಂದ ಊರಿನ ನಾಣ್ಯವೊಂದನ್ನು ಡಬ್ಬಿಗೆ ಹಾಕಿ, ಪರದೇಶದ್ದನ್ನು ತಾನಿಟ್ಟುಕೊಳ್ಳುತ್ತಿದ್ದ. ನೋಟಿನ ಕಂತೆಯಲ್ಲಿ ನಾಲ್ಕು ಮಡಿಕೆಯಾಗಿ ಅಡಗಿ ಬಂದ ಹೊರದೇಶದ ನೋಟಿಗೂ ಅದೇ ಏರ್ಪಾಡು. ಆ ನೋಟುಗಳನ್ನು ಹಳೆಯ ಶಬ್ದಕೋಶದ ಹಾಳೆಗಳ ನಡುವೆ ಒತ್ತಿಡುತ್ತಿದ್ದ. ಅವನ ಜೇಬು ತಾನಾಗಿ ತೆರೆದುಕೊಳ್ಳುತ್ತಿದ್ದದ್ದು ಇಷ್ಟಕ್ಕೆ ಮಾತ್ರ. ಕಂಡಕ್ಟರುಗಳು ಅವನನ್ನು ಸವಕಲಣ್ಣ ಎಂದು ಕರೆಯುತ್ತಿದ್ದರು. "ಸವಕಲಣ್ಣ, ಇವತ್ತು ಒಂದು ಮೀನಿನ ಚಿತ್ರದ್ದು ಬಿದ್ದಿದೆ, ಸಾರು ಮಾಡ್ಕೋ" ಎಂದು ಜಾಲರಿಯಾಚೆಯಿಂದ ಕೂಗುತ್ತಿದ್ದರು.

ಒಂದು ಅಭ್ಯಾಸ ಅವನಿಗೆ ಅಂಟಿಕೊಂಡಿತ್ತು. ಒಂದು ಕೈಯಲ್ಲಿ ಚೀಲದ ಬಾಯಿ ಹಿಡಿದು ಇನ್ನೊಂದರಲ್ಲಿ ಚಿಲ್ಲರೆ ಕೆದಕುವಾಗ, ಸಿಕ್ಕಿದ ಪರದೇಶದ ನಾಣ್ಯ ಮತ್ತೆ ರಾಶಿಗೆ ಜಾರದಂತೆ ತುಟಿಗಳ ನಡುವೆ ಕಚ್ಚಿ ಹಿಡಿಯುತ್ತಿದ್ದ. ಮನೆಯಲ್ಲೂ ಹಾಗೆಯೇ. ಚಪ್ಪಲಿ ಹಾಕಿಕೊಳ್ಳುವಾಗ, ಕನ್ನಡಕ ಒರೆಸುವಾಗ, ಕೈಯಲ್ಲಿದ್ದ ನಾಣ್ಯ ತುಟಿಗೆ ಹೋಗುತ್ತಿತ್ತು.

ನಾಣ್ಯವನ್ನು ಅಂಚಿನಿಂದ ಮಾತ್ರ ಹಿಡಿಯಬೇಕು, ಮುಖಕ್ಕೆ ಬೆರಳು ತಾಗಿಸಬಾರದು ಎಂಬುದು ಅವನ ಕಟ್ಟಳೆ. ಅವನ ಸಂಗ್ರಹದ ರಾಜ ಒಂದು ದೊಡ್ಡ ಬೆಳ್ಳಿಯ ನಾಣ್ಯ. ಒಂದು ಕಡೆ ಹಾಯಿಹಡಗು, ಇನ್ನೊಂದು ಕಡೆ ರೆಕ್ಕೆ ಬಿಚ್ಚಿದ ಹಕ್ಕಿ, ಅಗಲ ಹೆಚ್ಚುಕಡಿಮೆ ಅಂಗೈಯಷ್ಟು. ಮಬ್ಬು ಬೆಳಕಿನ ಬಸ್ಸಿನಲ್ಲಿ ಅದನ್ನು ಯಾರು ಕೊಟ್ಟರೋ, ಯಾವ ಕಂಡಕ್ಟರು ಹೇಗೆ ತೆಗೆದುಕೊಂಡನೋ, ಅವನಿಗೇ ಬಗೆಹರಿಯದ ಸಂಗತಿ. ಅಣ್ಣ ಬದುಕಿದ್ದಾಗ ಒಮ್ಮೆ ನೋಡಬೇಕೆಂದು ಕೇಳಿದ್ದ. ಮೇಜಿನ ಮೇಲೆ ಮಡಿಸಿದ ಟವೆಲ್ಲು ಹಾಸಿ, ಬಿದ್ದರೆ ಅದರ ಮೇಲೇ ಬೀಳುವಂತೆ, ಒಡಹುಟ್ಟಿದ ಅಣ್ಣನ ಬೆರಳುಗಳಿಗೆ ಅಂಚನ್ನಷ್ಟೇ ಕೊಟ್ಟಿದ್ದ. ಆಗ ಅಲ್ಲಿದ್ದ ಪಕ್ಕದ ಮನೆಯವರು ಇದಕ್ಕೊಂದು ತೂತು ಹಾಕಿಸಿ ಸರಕ್ಕೆ ಪದಕ ಮಾಡಬಹುದಲ್ಲ ಎಂದು ತಮಾಷೆ ಮಾಡಿದರು. ಅವನು ನಗಲಿಲ್ಲ. "ತೂತು ಬಿದ್ದ ನಾಣ್ಯ ಸತ್ತ ಹಾಗೆ. ಆಮೇಲೆ ಅದನ್ನ ಯಾರೂ ಮುಟ್ಟಲ್ಲ" ಎಂದ. ಅತ್ತಿಗೆ ಇದನ್ನು ಮರೆತಿರಲಿಲ್ಲ. ಸಾಯುವ ತನಕ ಗಂಡನಿಗೆ ಆ ನಾಣ್ಯದ ಅಂಚಿಗಿಂತ ಹೆಚ್ಚು ದಕ್ಕಲಿಲ್ಲವಲ್ಲ ಎಂಬುದು ಆಕೆಯ ಸಿಟ್ಟು.

ಒಂದು ರಜೆಯ ದಿನ ಅತ್ತಿಗೆಯ ಮನೆಯಲ್ಲಿ ಊಟ ಮುಗಿದಿತ್ತು. ಆಕೆಯ ಮಗ ಒರಗಿ ಕೂತಿದ್ದ. ಸೊಸೆ ಆರ್ಡರಿನ ಕೇಕಿಗೆ ಹಿಟ್ಟು ತೂಗುತ್ತಿದ್ದಳು. ಮೈದುನ ಎಂದಿನಂತೆ ಕಿಟಕಿಯ ಪರದೆಯ ಪಕ್ಕ, ಎರಡು ವರ್ಷ ತುಂಬದ ಮೊಮ್ಮಗಳ ಜೊತೆ ನೆಲದ ಮೇಲೆ ಕೂತಿದ್ದ. ಮಗುವನ್ನು ಮನೆಯವರು ಗುಬ್ಬಿ ಎನ್ನುತ್ತಿದ್ದರು. ಮುದುಕನೂ ಕೂಸೂ ತಲೆಗೆ ತಲೆ ತಾಗಿಸಿಕೊಂಡು ಏನು ಮಾಡುತ್ತಾರೆಂದು ಯಾರೂ ವಿಚಾರಿಸಿರಲಿಲ್ಲ. ಬಿಟ್ಟಿ ಆಟಕ್ಕೆ ಇವನು ಯಾವತ್ತೂ ಮುಂದು ಎಂದು ಅತ್ತಿಗೆ ಅಂದುಕೊಂಡಿದ್ದಳು.

ಗುಬ್ಬಿ ಒಮ್ಮೆ ಕೆಮ್ಮಿತು. ಮತ್ತೆ ಕೆಮ್ಮಿತು. ಬಾಯಿಂದ ಜೊಲ್ಲು ಸುರಿಯತೊಡಗಿತು. ಸೊಸೆ ಓಡಿಬಂದು ನೀರು ಹಿಡಿದರೆ ಮುಖ ತಿರುಗಿಸಿತು. ಅತ್ತಿಗೆ ಬಾಯೊಳಗೆ ಬೆರಳು ಹಾಕಲು ಹೋದಳು, ಮಗ ಕೈ ಹಿಡಿದ. "ಬೇಡಮ್ಮ, ಇನ್ನೂ ಒಳಗೆ ಹೋಗಿಬಿಡುತ್ತೆ. ಆಸ್ಪತ್ರೆಗೆ ಹೋಗೋಣ, ಏಳಿ." ಆಸ್ಪತ್ರೆ ಎರಡು ಬೀದಿಯಾಚೆ. ಕೈಗೆ ಸಿಕ್ಕಿದ, ಜೋಡಿ ಸೇರದ ಚಪ್ಪಲಿ ಮೆಟ್ಟಿ ಎಲ್ಲರೂ ಓಡಿದರು. ಕೊನೆಯಲ್ಲಿ ಮೈದುನ, ಬಿಳಿಚಿಕೊಂಡ ಮುಖ ಹೊತ್ತು.

ಡಾಕ್ಟರು ತಲೆ ನರೆತ ಹೆಂಗಸು, ಅನಗತ್ಯವಾಗಿ ಒಂದು ಮಾತೂ ಆಡದವರು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಅನ್ನನಾಳದಲ್ಲಿ, ಕತ್ತಿನ ಬುಡದಲ್ಲಿ, ಒಂದು ದುಂಡನೆಯ ಬಿಳಿ ಬಿಲ್ಲೆ. ಅದರೊಳಗೆ ಇನ್ನೊಂದು ಉಂಗುರ.

"ಈ ಒಳಗಿನ ಉಂಗುರ ನನಗೆ ಇಷ್ಟವಾಗ್ತಿಲ್ಲ" ಎಂದರು. "ಮನೇಲಿ ದುಂಡಗಿರೋ ಚಿಕ್ಕ ಸೆಲ್ಲು ಏನಾದ್ರೂ ಕಾಣೆಯಾಗಿದೆಯಾ? ಗಡಿಯಾರದ್ದು, ರಿಮೋಟಿನದ್ದು?"

ಸೊಸೆಯ ಕೈ ಬಾಯಿಗೆ ಹೋಯಿತು. "ತೂಕದ ಮಿಷಿನ್ನಿನದ್ದು. ಬೆಳಗ್ಗೆ ಹೊಸದು ಹಾಕಿದೆ. ಹಳೇದನ್ನ ಮೇಜಿನ ಮೇಲೆ ಇಟ್ಟಿದ್ದೆ. ಆಮೇಲೆ... ಆಮೇಲೆ ನಾನದನ್ನ ನೋಡಲೇ ಇಲ್ಲ."

"ಹಳೇದಾದ್ರೂ ಒಂದೇ. ಸೆಲ್ಲಾದ್ರೆ ಅದು ಕೂತ ಜಾಗವನ್ನ ಸುಡ್ತಾ ಇರುತ್ತೆ. ಈಗಲೇ ತೆಗೀಬೇಕು." ಡಾಕ್ಟರು ಎಕ್ಸ್‌ರೇಯನ್ನು ಕೆಳಗಿಟ್ಟರು. "ತೊಂದರೆ ಏನಂದ್ರೆ, ಮಗುವಿಗೆ ಹೊಟ್ಟೆ ತುಂಬ ಉಣಿಸಿದ್ದೀರಿ. ಈಗ ಮತ್ತಿನ ಔಷಧಿ ಕೊಟ್ಟರೆ ವಾಂತಿಯಾಗಿ ಶ್ವಾಸಕೋಶಕ್ಕೆ ಹೋಗೋ ಅಪಾಯ ಇದೆ. ಬರೀ ನಾಣ್ಯವಾಗಿದ್ದಿದ್ರೆ ಹೊಟ್ಟೆ ಖಾಲಿಯಾಗೋ ತನಕ ನೆಮ್ಮದಿಯಾಗಿ ಕಾಯಬಹುದಿತ್ತು. ಎರಡು ಲೋಹ ಸೇರಿಸಿ ಮಾಡಿದ ನಾಣ್ಯ ಚಿತ್ರದಲ್ಲಿ ಹೀಗೇ ಕಾಣುತ್ತೆ. ಪಕ್ಕದಿಂದ ತೆಗೆದ ಚಿತ್ರದಲ್ಲಿ ಗೊತ್ತಾಗ್ತಿತ್ತು, ಮಗು ಹೊರಳಿ ಅದು ಕಲಸಿಹೋಗಿದೆ. ಅಂಥ ನಾಣ್ಯ ಮನೇಲಿದೆಯಾ?"

"ನಮ್ಮನೇಲಿ ಈಗ ಅಂಥ ನಾಣ್ಯ ಒಂದೂ ಇಲ್ಲ" ಎಂದ ಮಗ.

"ಇದೆ" ಎಂದು ಬಾಗಿಲ ಬಳಿಯಿಂದ ದನಿ ಬಂತು. "ನನ್ನದು."

ಎಲ್ಲರೂ ತಿರುಗಿದರು. ಮಗ ಸಿಡಿದುಬಿದ್ದ. "ಚಿಕ್ಕಪ್ಪ, ಇದು ನಿಮ್ಮ ಬೊಕ್ಕಸದ ಕಥೆ ಹೇಳೋ ಹೊತ್ತಲ್ಲ. ನಿಮ್ಮ ನಾಣ್ಯ ನಿಮ್ಮ ಪೆಟ್ಟಿಗೆ ಬಿಟ್ಟು ನಮ್ಮನೆಗೆ ಯಾಕೆ ಬರುತ್ತೆ?"

"ಗುಬ್ಬಿಗೆ ಕೊಟ್ಟಿದ್ದೆ."

"ನೀವು? ಕೊಟ್ಟಿದ್ರಿ?"

ಆ ಹೊತ್ತಿನಲ್ಲೂ ಅತ್ತಿಗೆಗೆ ನಗು ಬರುವಂತಾಯಿತು. ನಗುವಿನ ಬೆನ್ನಿಗೇ ಭಯ ಬಂತು. ಇವನ ಮಾತು ನಿಜವಾಗಿದ್ದರೆ ಮಗುವಿಗೆ ಕಾಯುವ ಅವಕಾಶವಿದೆ. ಆದರೆ ಇವನು ಯಾರಿಗಾದರೂ ಏನನ್ನಾದರೂ ಕೊಟ್ಟನೆಂದು ನಂಬುವುದು ಹೇಗೆ? ಹೆದರಿಕೆಯಲ್ಲಿ ಬಡಬಡಿಸುತ್ತಿದ್ದಾನೋ ಏನೋ.

"ಯಾವಾಗ ಕೊಟ್ಟೆ? ಸರಿಯಾಗಿ ಹೇಳು" ಎಂದಳು.

ಅವನು ನೆಲ ನೋಡುತ್ತಲೇ ಹೇಳಿದ. "ಪ್ರತಿ ವಾರ ಒಂದು ತರ್ತೀನಿ ಅತ್ತಿಗೆ. ಆಟಕ್ಕೆ. ಹೋಗುವಾಗ ಗುಬ್ಬಿ 'ತಗೋ' ಅಂತ ವಾಪಸು ಕೊಡುತ್ತೆ. ಅಂಚು ಹಿಡಿಯೋದು ಕಲಿಸಿದ್ದೀನಿ. ಇವತ್ತು ಎರಡು ಬಣ್ಣದ್ದು ತಂದಿದ್ದೆ, ಹಳದಿ ಬಳೆ, ನಡುವೆ ಬಿಳಿ. ಕನ್ನಡಕ ಒರೆಸೋಕೆ ಅಂತ ನಾನು ಅದನ್ನ ತುಟಿಯಲ್ಲಿ ಹಿಡ್ಕೊಂಡೆ. ಆಮೇಲೆ ಅದರ ಕೈಗೆ ಕೊಟ್ಟೆ. ನಾನು ಮಾಡಿದ್ದನ್ನೇ ಅದೂ ಮಾಡಿರಬೇಕು. ಕೆಮ್ಮು ಬಂದಾಗ ಕೈಯಲ್ಲಿ ನಾಣ್ಯ ಇರಲಿಲ್ಲ. ಕೆಳಗೆ ಬಿದ್ದಿರುತ್ತೆ ಅಂದುಕೊಂಡೆ. ನೀವು ಬೈತೀರಿ ಅಂತ ಬಾಯಿ ಬಿಡಲಿಲ್ಲ."

"ಕೂಸಿಗೂ ಸಾಲವಾಗಿ ಕೊಟ್ಟೆಯಲ್ಲೋ!" ಎಂದಳು ಅತ್ತಿಗೆ. ಈಗ ನಂಬಿಕೆ ಬಂತು. ಕೊಟ್ಟು ಕಸಿದುಕೊಳ್ಳುವ ಈ ಏರ್ಪಾಡು ಇವನಲ್ಲದೆ ಬೇರೆ ಯಾರ ತಲೆಗೂ ಹೊಳೆಯುವಂಥದ್ದಲ್ಲ.

ಡಾಕ್ಟರು ಜಗಳಕ್ಕೆ ಬಿಡಲಿಲ್ಲ. "ಎರಡೂ ಕಾಣೆಯಾಗಿವೆ. ಒಳಗಿರೋದು ಒಂದೇ. ಯಾರ ಮಾತಿನ ಮೇಲೂ ನಾನು ಕಾಯೋಳಲ್ಲ, ಆಪರೇಷನ್ ಕೋಣೆ ಸಿದ್ಧ ಮಾಡಿಸ್ತೀನಿ. ಅಷ್ಟರಲ್ಲಿ ಯಾರಾದ್ರೂ ಮನೆಗೆ ಹೋಗಿ ಹುಡುಕಿ. ಸೆಲ್ಲು ಸಿಕ್ಕಿದ್ರೆ ತಂದು ನನಗೆ ತೋರಿಸಿ, ಒಳಗಿರೋದು ನಾಣ್ಯ ಅಂತ ಕಾಯ್ತೀನಿ. ನಾಣ್ಯ ಸಿಕ್ಕಿದ್ರೂ ತಕ್ಷಣ ಫೋನ್ ಮಾಡಿ. ಏನೂ ಸಿಗದಿದ್ರೆ ನಾನು ಸೆಲ್ಲು ಅಂತಲೇ ಹೊರಟೆ."

ಬೀಗದ ಕೈ ಅತ್ತಿಗೆಯ ಸೊಂಟದಲ್ಲಿತ್ತು. ಆಕೆ ಹೊರಟಳು. ಕರೆಯದಿದ್ದರೂ ಮೈದುನ ಹಿಂದೆ ಬಂದ. ದಾರಿಯುದ್ದಕ್ಕೂ ಆಕೆ ಅವನ ಕಡೆ ನೋಡಲಿಲ್ಲ.

ಮನೆ ಬಿಟ್ಟುಹೋದ ಹಾಗೇ ಇತ್ತು. ಫ್ಯಾನು ತಿರುಗುತ್ತಿತ್ತು, ಹಿಟ್ಟಿನ ಪಾತ್ರೆ ತೆರೆದಿತ್ತು. ಆಕೆ ಮೇಜಿನ ಮೇಲಿದ್ದದ್ದನ್ನೆಲ್ಲ ನೆಲಕ್ಕೆ ಸುರಿದಳು. ಅವನು ಕಿಟಕಿಯ ಪರದೆ ಕೊಡವಿದ, ಚಾಪೆ ಮಗುಚಿದ, ಗುಬ್ಬಿಯ ಆಟದ ಬುಟ್ಟಿಯನ್ನು ತಲೆಕೆಳಗು ಮಾಡಿದ. ಬೊಂಬೆಯ ಕಾಲು, ಚಮಚ, ಒಂದು ಕಾಲುಚೀಲ.

"ಜನ್ಮದಲ್ಲಿ ಮೊದಲ ಸಲ ಅತ್ತಿಗೆ" ಎಂದ ಅವನು, ಮೊಣಕಾಲ ಮೇಲೆ ತೆವಳುತ್ತ. "ನಾಣ್ಯ ಸಿಗಬಾರದು ಅಂತ ಹುಡುಕ್ತಾ ಇದ್ದೀನಿ."

"ಬಾಯಿ ಮುಚ್ಚಿಕೊಂಡು ಹುಡುಕು."

ಮಂಚದ ಕೆಳಗಿಲ್ಲ. ಒಲೆಯ ಸಂದಿಯಲ್ಲಿಲ್ಲ. ಕಸದ ಬುಟ್ಟಿಯನ್ನು ಆಕೆ ಬರಿಗೈಯಿಂದ ಕೆದಕಿದಳು, ಅಲ್ಲೂ ಇಲ್ಲ. ಉಳಿದದ್ದು ಕಬ್ಬಿಣದ ಬೀರು. ಅದರ ಕೆಳಗಿನ ಸಂದಿ ಎಷ್ಟು ಇಕ್ಕಟ್ಟೆಂದರೆ ಪೊರಕೆ ಕೂಡ ಕಡ್ಡಿ ಕಡ್ಡಿಯಾಗಿ ಮಾತ್ರ ಒಳಗೆ ಹೋಗುತ್ತಿತ್ತು. ಇಬ್ಬರು ಮುದುಕರು ಅದನ್ನು ಅಲ್ಲಾಡಿಸುವುದು ಕನಸಿನ ಮಾತು. ಅತ್ತಿಗೆ ನೆಲಕ್ಕೆ ಕೆನ್ನೆ ಒತ್ತಿ ಫೋನಿನ ಬೆಳಕು ಬಿಟ್ಟಳು. ಧೂಳು, ಕೂದಲ ಉಂಡೆ. ಆಚೆ, ಗೋಡೆಗೆ ಹತ್ತಿರ, ಏನೋ ದುಂಡಗೆ ಹೊಳೆಯಿತು.

"ಇದೆ. ಏನೋ ಇದೆ."

ಅವನು ಆಕೆಯ ಪಕ್ಕದಲ್ಲೇ ಮಲಗಿದ. ಮಲಗುವ ಆತುರದಲ್ಲಿ ಕನ್ನಡಕ ನೆಲಕ್ಕೆ ಬಡಿದು ಒಂದು ಗಾಜು ಒಡೆಯಿತು. "ನನಗೆ ಕಾಣ್ತಿಲ್ಲ ಅತ್ತಿಗೆ, ನೀವೇ ಹೇಳಿ. ಒಂದು ಬಣ್ಣವಾ, ಎರಡು ಬಣ್ಣವಾ?"

"ಗೊತ್ತಾಗ್ತಿಲ್ಲ ಕಣೋ. ಮಿಣುಕುತ್ತೆ ಅಷ್ಟೇ."

ಮಗನ ಫೋನು ಬಂತು. "ಅಮ್ಮ, ಮಗೂನ ಒಳಗೆ ಕರ್ಕೊಂಡು ಹೋಗೋಕೆ ಬಂದಿದ್ದಾರೆ. ಏನಾದ್ರೂ ಸಿಕ್ತಾ?" "ಇರು" ಎಂದಳು, ಕರೆ ಕಡಿಯದೆ ಹಾಗೇ ಹಿಡಿದಳು.

ಮೈದುನ ಜೇಬಿಗೆ ಕೈಹಾಕಿ ತನ್ನ ಅಯಸ್ಕಾಂತ ತೆಗೆದ. ಕೈಗೆ ಬಂದ ನಾಣ್ಯ ಯಾವ ಲೋಹದ್ದೆಂದು ತಿಳಿಯಲು ಅವನು ಸದಾ ಇಟ್ಟುಕೊಳ್ಳುತ್ತಿದ್ದ ಚಿಕ್ಕ ತುಂಡು ಅದು, ದಾರ ಕಟ್ಟಿದ್ದು. ಅದನ್ನು ಪೊರಕೆಯ ಒಂದು ಗಟ್ಟಿ ಕಡ್ಡಿಯ ತುದಿಗೆ ಸುತ್ತಿ ಬಿಗಿದ. ಬೆರಳುಗಳು ಯಂತ್ರದ ಮುಂದೆ ಕೂತಾಗಿನಂತೆಯೇ ಸ್ಥಿರವಾಗಿದ್ದವು. ಮುಖ ಮಾತ್ರ ಬೆವರಿನಿಂದ ತೊಯ್ದಿತ್ತು.

"ನನ್ನ ನಾಣ್ಯ ಇದಕ್ಕೆ ಅಂಟಲ್ಲ" ಎಂದ. "ನಿನ್ನೆ ರಾತ್ರಿ ಹಿಡಿದು ನೋಡಿದ್ದೀನಿ. ಸೆಲ್ಲಿನ ಹೊದಿಕೆ ಉಕ್ಕು, ಅಂಟುತ್ತೆ. ಅಂಟಿದ್ರೆ ಸರಿ. ಅಂಟದಿದ್ರೆ..."

ಅಂಟದಿದ್ದರೆ ಮಗುವಿನ ಕತ್ತಿನೊಳಗೆ ಸುಡುತ್ತಿರುವುದು ಸೆಲ್ಲು.

ಕಡ್ಡಿ ಒಳಗೆ ಸರಿಯಿತು. ಟಿಕ್ ಎಂದಿತು. ಎಳೆದರೆ ಬಂದದ್ದು ಹೇರ್‌ಪಿನ್ನು. ಆಕೆ ಯಾವ ಕಾಲದಲ್ಲೋ ಕಳೆದುಕೊಂಡದ್ದು. ಎರಡನೆಯ ಸಲ ಸೋಡಾ ಬಾಟಲಿಯ ಮುಚ್ಚಳ. "ಇದನ್ನೂ ಕೂಡಿಡು" ಎಂದಳು ಅತ್ತಿಗೆ. ಹೇಳಿದ ಮೇಲೆ ತನ್ನ ದನಿ ಅಳುತ್ತಿರುವುದು ಆಕೆಗೇ ಕೇಳಿಸಿತು. "ಸ್ವಲ್ಪ ಎಡಕ್ಕೆ. ಇನ್ನೂ ಎಡಕ್ಕೆ. ಮುಂದೆ. ತಾಗ್ತಾ ಇದೆ... ನಿಲ್ಲು, ದೂಡಬೇಡ!"

ಹೊಳೆಯುತ್ತಿದ್ದದ್ದು ಕದಲಲಿಲ್ಲ. ಕಡ್ಡಿಯ ತುದಿ ಅದರ ಪಕ್ಕದಲ್ಲೇ ನಿಂತಿತ್ತು, ಆದರೂ ಅದು ಅಲ್ಲಾಡಲಿಲ್ಲ. ಫೋನಿನಲ್ಲಿ ಮಗ "ಅಮ್ಮ? ಅಮ್ಮ?" ಎನ್ನುತ್ತಿದ್ದ.

"ಅಂಟಲಿಲ್ಲ ಕಣೋ" ಎಂದಳು.

"ತಾಳಿ. ಕಡ್ಡಿ ತಾಗಿದೆ, ಅಯಸ್ಕಾಂತ ಮೇಲಕ್ಕೆ ತಿರುಗಿದೆ." ಅವನು ಎರಡು ಬೆರಳಲ್ಲಿ ಕಡ್ಡಿಯನ್ನು, ಅಂಚಿನಿಂದ ನಾಣ್ಯವನ್ನು ಹೊರಳಿಸುವ ಹಾಗೆ, ಮೆಲ್ಲಗೆ ಹೊರಳಿಸಿದ.

ಟಕ್.

ಅದು ಅವನ ಅಂಗೈಗೆ ಬಂದಾಗ ಧೂಳಿನ ಎಳೆಗಳು ಅಂಟಿದ್ದವು. ಒಂದೇ ಬಣ್ಣ. ಮೇಲೆ ಕೂಡಿಸುವ ಗುರುತು. ಸೆಲ್ಲು. ಅತ್ತಿಗೆ ಫೋನಿಗೆ ಕೂಗಿದಳು, "ಸಿಕ್ತು! ಸೆಲ್ಲು ಸಿಕ್ತು, ನಿಲ್ಲಿಸೋಕೆ ಹೇಳು!" ಅಷ್ಟರಲ್ಲಿ ಅವನು ಅದನ್ನು ಮುಷ್ಟಿಯಲ್ಲಿ ಹಿಡಿದು, ಚಪ್ಪಲಿ ಇಲ್ಲದೆ, ಒಂದು ಗಾಜಿನ ಕನ್ನಡಕದಲ್ಲಿ ಬೀದಿಗೆ ಓಡಿದ್ದ.

ಡಾಕ್ಟರು ಕಾದರು. ಕತ್ತಲಾಗುವ ಮುಂಚೆ, ಮಗುವಿನ ಹೊಟ್ಟೆ ಖಾಲಿಯಾದ ಮೇಲೆ, ಮತ್ತಿನ ಔಷಧಿ ಕೊಟ್ಟು ನಾಣ್ಯವನ್ನು ತೆಗೆದರು. ಗುಬ್ಬಿ ಎಚ್ಚರಾಗಿ ಸಿಟ್ಟಿನಿಂದ ಅತ್ತಿತು, ಆ ಅಳು ಎಲ್ಲರಿಗೂ ಹಿತವಾಗಿ ಕೇಳಿಸಿತು. ನಾಣ್ಯ ಪ್ಲಾಸ್ಟಿಕ್ಕಿನ ಚಿಕ್ಕ ಡಬ್ಬಿಯಲ್ಲಿ ಹೊರಗೆ ಬಂತು. ಮಗ ಅದನ್ನು ಚಿಕ್ಕಪ್ಪನ ಕೈಗೆ ತುರುಕಿದ. "ತಗೊಳ್ಳಿ ನಿಮ್ಮ ಆಸ್ತಿ. ಇನ್ನು ಮೇಲೆ ನಮ್ಮನೆ ಹೊಸ್ತಿಲೊಳಗೆ ಇಂಥದ್ದು ಬಂದ್ರೆ ನೋಡಿ."

ಅವನು ಡಬ್ಬಿಯನ್ನು ದೀಪದ ಕೆಳಗೆ ಹಿಡಿದು, ಒಡೆಯದ ಗಾಜನ್ನು ಹತ್ತಿರ ತಂದು, ನಾಣ್ಯವನ್ನು ಒಂದು ಕಡೆ ನೋಡಿದ, ಹೊರಳಿಸಿ ಇನ್ನೊಂದು ಕಡೆ ನೋಡಿದ. ಗೀರು ಬಿದ್ದಿದೆಯೇ ಎಂದು ನೋಡುತ್ತಿದ್ದ. ಬೀರುವಿನ ಕೆಳಗೆ ಹುಡುಕುವಾಗ ಅವನ ಬಗ್ಗೆ ಸ್ವಲ್ಪ ಮೆತ್ತಗಾಗಿದ್ದ ಅತ್ತಿಗೆಯ ಮನಸ್ಸು ಮತ್ತೆ ಕಲ್ಲಾಯಿತು. ಇವನು ಸುಡುಗಾಡಿಗೆ ಹೋಗುವಾಗಲೂ ಇದೇ ಬುದ್ಧಿ ಎಂದುಕೊಂಡಳು.

ಮುಂದಿನ ರಜೆಯ ದಿನ ಅವನು ಬರಲಿಲ್ಲ. ತಟ್ಟೆ ಹಾಕಿದ್ದಳು, ತೆಗೆದಿಟ್ಟಳು. ಅದರ ಮುಂದಿನ ವಾರ ಬಂದ. ಕನ್ನಡಕದ ಒಡೆದ ಗಾಜಿಗೆ ಟೇಪು ಅಂಟಿಸಿದ್ದ. ಹೊಸದು ಹಾಕಿಸುವ ಮಾತು ಇಲ್ಲವೇ ಇಲ್ಲ. ಕುರ್ಚಿಯ ತುದಿಯಲ್ಲಿ ಕೂತು, ತಲೆಯೆತ್ತದೆ ಉಂಡ.

ಊಟವಾದ ಮೇಲೆ, ತೊಟ್ಟಿಲಮಂಚದ ಕಂಬಿ ಹಿಡಿದು ನಿಂತಿದ್ದ ಗುಬ್ಬಿ ಎಂದಿನಂತೆ ಅವನತ್ತ ಅಂಗೈ ಚಾಚಿತು.

ಸೊಸೆ ಎದ್ದು ನಿಂತಳು. ಮಗ "ಚಿಕ್ಕಪ್ಪ" ಎಂದ, ಎಚ್ಚರಿಕೆಯ ದನಿಯಲ್ಲಿ. ಅವನು ಜೇಬಿನಿಂದ ಮಡಿಸಿದ ಬಟ್ಟೆ ತೆಗೆದ. ಅದರೊಳಗೆ ಆ ದೊಡ್ಡ ಬೆಳ್ಳಿಯ ನಾಣ್ಯವಿತ್ತು, ಹಡಗೂ ಹಕ್ಕಿಯೂ ಇದ್ದದ್ದು. ಹಡಗಿನ ಹಾಯಿಯ ನಡುವೆ ಒಂದು ತೂತು. ತೂತಿನಲ್ಲಿ ಬೀಗದ ಕೈಗೊಂಚಲಿನ ದಪ್ಪ ಬಳೆ.

"ಇದು ಬಾಯೊಳಗೆ ಹೋಗಲ್ಲ" ಎಂದ. "ನೋಡಿದ್ದೀನಿ. ನನ್ನ ಬಾಯಿಗೇ ಹಿಡೀಲಿಲ್ಲ."

ಯಾರೂ ತಡೆಯಲಿಲ್ಲ. ಅವನು ಬಾಗಿ, ಉಗುರಿನಿಂದ ಬಳೆಯನ್ನು ಬಿಡಿಸಿ, ಮಂಚದ ಕಂಬಿಗೆ ಸುತ್ತ ತಂದು ಮುಚ್ಚಿದ. ಒಮ್ಮೆ ಎಳೆದು ನೋಡಿದ. ಗುಬ್ಬಿ ನಾಣ್ಯದ ಅಂಚು ಹಿಡಿದು ತಿರುಗಿಸುತ್ತ ಕಂಬಿಗೆ ಟಣಟಣ ಬಡಿಯತೊಡಗಿತು. ಬಡಿದ ಪ್ರತಿ ಸಲವೂ ಬೆಳ್ಳಿಯ ಮೇಲೆ ಗೀರು ಬೀಳುತ್ತಿತ್ತು.

ಅವನು ಹೊರಡಲು ಎದ್ದಾಗ ಮಗು ನಾಣ್ಯವನ್ನು ಎತ್ತಿ ಹಿಡಿಯಿತು. "ತಗೋ" ಎಂದಿತು. ಬಳೆ ಕಂಬಿಯನ್ನು ಬಿಡಲಿಲ್ಲ. ಮತ್ತೆ ಎಳೆದು "ತಗೋ" ಎಂದಿತು.

"ಬರಲ್ಲ ಬಿಡು ಅದು" ಎಂದು ಅವನು ಚಪ್ಪಲಿ ಮೆಟ್ಟಿ ಹೊರಟ. ಅತ್ತಿಗೆ ಮಂಚದ ಬಳಿ ಹೋಗಿ, ಗಂಡನಿಗೆ ಅಂಚಷ್ಟೇ ಸಿಕ್ಕಿದ್ದ ಆ ನಾಣ್ಯವನ್ನು ಅಂಗೈಯ ನಡುವೆ ಇಟ್ಟುಕೊಂಡು ತೂತಿನೊಳಗೆ ಬೆರಳಾಡಿಸಿದಳು. ಎಲ್ಲೂ ತರಚುವಂತಿರಲಿಲ್ಲ. ಒಳಗಿನ ಅಂಚನ್ನು ಅರದಿಂದ ಉಜ್ಜಿ ಉಜ್ಜಿ ನುಣ್ಣಗೆ ಮಾಡಿ ತಂದಿದ್ದ.